ಬೇಲಿಯಾಚೆಯ ದಾಸವಾಳ

ಗೈದರ್ಸ್‌ಬರ್ಗ್, ಮೇರಿಲ್ಯಾಂಡ್
೩ ಸೆಪ್ಟೆಂಬರ್ ೧೯೯೬

ಪ್ರೀತಿಯ ಗೌರಾ,

ಬೈಯಬೇಡ ಮಾರಾಯ್ತಿ. ನಿನ್ನ ಎರಡು ಕಾಗದ ಬಂದು ತಿಂಗಳಾಯಿತು, ನನ್ನಿಂದ ಒಂದು ಸಾಲೂ ಇಲ್ಲ. ಸ್ಟಾಫ್ ರೂಮಿನಲ್ಲಿ ಸೊಂಟಕ್ಕೆ ಕೈ ಕೊಟ್ಟು "ಏನೇ ಕಾತ್ಯಾಯಿನಿ, ಅಮೇರಿಕಾಗೆ ಹೋಗಿ ಕೊಬ್ಬು ಬಂತಾ?" ಎಂದು ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಚೆನ್ನಾಗಿದ್ದೇನೆ. ಮಂಡಿನೋವು ಒಂದು ನನ್ನ ಜೊತೆಗೇ ವಿಮಾನ ಹತ್ತಿ ಬಂದಿದೆ, ಅಷ್ಟೆ.

ಭಾನುವಾರ ಫೋನಿನಲ್ಲಿ ನೀನು "ನವೆಂಬರಿಗೆ ವಾಪಸ್ ಬರ್ತೀಯೋ, ಅಲ್ಲೇ ಉಳೀತೀಯೋ, ಒಂದು ಹೇಳು" ಎಂದೆ. ಹರಿಣಿ ಪಕ್ಕದಲ್ಲೇ ಕೂತಿದ್ದಳು, ಮಗಳ ಎದುರಿಗೆ ಏನು ಹೇಳಲಿ? ಅವಳಿಗೆ ಈಗ ಏಳು ತಿಂಗಳು. ನವೆಂಬರ್ ಮಧ್ಯಕ್ಕೆ ಹೆರಿಗೆ. ನನಗೆ ಇಲ್ಲಿರಲು ಕೊಟ್ಟ ಆರು ತಿಂಗಳು ಮುಗಿಯುವುದೂ ಆಗಲೇ. ಇನ್ನೂ ಆರು ತಿಂಗಳು ಕೇಳಿಕೊಳ್ಳುವ ಫಾರಂ ತಂದು ಊಟದ ಮೇಜಿನ ಮೇಲಿಟ್ಟಿದ್ದಾಳೆ, ನನ್ನ ಸಹಿ ಒಂದು ಬಾಕಿ. ಹದಿನೈದು ದಿನದ ಹಿಂದೆ ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ಹಾಕಿಬಿಡುತ್ತಿದ್ದೆ. ಈಗ ಅದರ ಮೇಲೆ ಉಪ್ಪಿನಕಾಯಿ ಬಾಟಲಿ ಹೇರಿಕೊಂಡು ಕೂತಿದ್ದೇನೆ.

ಆಗಿದ್ದಿಷ್ಟು. ಮಗು ಬಂದ ಮೇಲೆ ಎಲ್ಲಿಗೂ ಹೋಗಲಾಗುವುದಿಲ್ಲ, ಅಮ್ಮನೂ ಹಳ್ಳಿ ಕಡೆ ನೋಡಿದ ಹಾಗಾಗುತ್ತದೆ ಎಂದು ಅಳಿಯ ಧೀರಜ್ ವರ್ಜೀನಿಯಾದ ಬೆಟ್ಟದ ತಪ್ಪಲಲ್ಲಿ ಮರದ ಮನೆಯೊಂದನ್ನು ಎರಡು ದಿನಕ್ಕೆ ಬುಕ್ ಮಾಡಿದ್ದ. ಮೊನ್ನೆಯಲ್ಲ, ಅದರ ಹಿಂದಿನ ಶುಕ್ರವಾರ ಸಂಜೆ ಹೊರಟೆವು. ಪುಳಿಯೋಗರೆ ಗೊಜ್ಜು, ಚಕ್ಕುಲಿ, ನನ್ನ ಪುಟ್ಟ ವೆಂಕಟರಮಣನ ಪಟ, ಎಲ್ಲ ಡಿಕ್ಕಿಯಲ್ಲಿ. ಊರು ದಾಟಿದ ಮೇಲೆ ಬರೀ ಹಸಿರು ಕಣೆ. ಹುಲ್ಲಿನ ಸುರುಳಿಗಳು, ಜೋಳದ ಹೊಲ, ಕೊಬ್ಬಿದ ದನಗಳು. ಹರಿಣಿ ಕಾಲು ಚಾಚಿಕೊಂಡು ನನ್ನ ಭುಜಕ್ಕೆ ಒರಗಿದ್ದಳು. ಇಷ್ಟು ಸುಖವಾಗಿ ಕೂತು ಎಷ್ಟು ವರ್ಷವಾಯಿತು ಎಂದುಕೊಂಡೆ.

ಮರುದಿನ ಶ್ರಾವಣ ಶನಿವಾರ. ಬೆಳಗಾಗುತ್ತಲೇ ಸ್ನಾನ ಮಾಡಿ ಪಟ ಇಟ್ಟೆ. ಹೂವಿಲ್ಲ! ಆಚೆ ಬಂದು ನೋಡಿದರೆ ಬೇಲಿಯಾಚೆ ಗಿಡದ ತುಂಬ ದಾಸವಾಳ. ನಮ್ಮದಕ್ಕಿಂತ ಸ್ವಲ್ಪ ಚಿಕ್ಕದು, ತಿಳಿ ನೇರಳೆ ಬಣ್ಣ, ಒಳಗೆ ಕೆಂಪು ಚುಕ್ಕೆ. ಇನ್ನು ನನ್ನ ಕೈ ಸುಮ್ಮನಿರುತ್ತದೆಯೇ? ಸರಸ್ವತೀಪುರಂನಲ್ಲಿ ನಾವಿಬ್ಬರೂ ವಾಕಿಂಗ್ ನೆಪದಲ್ಲಿ ಯಾರ ಯಾರ ಕಾಂಪೌಂಡಿಗೆ ಕೈ ಹಾಕಿಲ್ಲ ಹೇಳು! ಅಪ್ಪಣೆಯಿಲ್ಲದೆ ಒಳಗೆ ಬರಬಾರದು ಎಂದು ಇಂಗ್ಲಿಷಿನಲ್ಲಿ ಬೋರ್ಡಿತ್ತು. ಓದಿದೆ. ಸುಳ್ಳು ಯಾಕೆ ಹೇಳಲಿ, ಓದಿಯೇ ಹೋದೆ. ದೇವರ ಹೂವಿಗೆ ಯಾರು ಏನಂದಾರು ಎಂದುಕೊಂಡು ತಂತಿ ಎತ್ತಿ, ಸೀರೆ ಹಿಡಿದುಕೊಂಡು ನುಸುಳಿದೆ.

ಹನ್ನೊಂದನೆಯ ಹೂವಿಗೆ ಕೈ ಚಾಚಿದ್ದೆ. ಹಿಂದಿನಿಂದ ಗದರಿದ ಸದ್ದು. ತಿರುಗಿದರೆ ಎಂಬತ್ತರ ಹತ್ತಿರದ ಮುದುಕ, ಕೈಯಲ್ಲಿ ಉದ್ದನೆಯ ಬಂದೂಕು. ಅದರ ಬಾಯಿ ನನ್ನ ಕಡೆಗೇ ಇತ್ತು. ಸೆರಗಿನಲ್ಲಿದ್ದ ಹೂವೆಲ್ಲ ನೆಲಕ್ಕೆ ಬಿತ್ತು. ಆಗ ಕಾಲ ಬುಡ ನೋಡಿದೆ. ಹುಲ್ಲಿನಲ್ಲಿ ಮೂರು ಕಲ್ಲು, ಒಂದರ ಮೇಲೆ ಹೆಂಗಸಿನ ಹೆಸರು, ೧೯೯೫ ಎಂದು ಇಸವಿ. ಅಯ್ಯೋ ಗೌರಾ, ಅದು ಅವರ ಮನೆತನದ ಸಮಾಧಿ! ಅವನ ಹೆಂಡತಿಯ ತಲೆದೆಸೆಯಲ್ಲಿ ನೆಟ್ಟ ಗಿಡದಿಂದ ನಾನು ಹೂ ಕೀಳುತ್ತಿದ್ದೆ. ನನಗೆ ಬಂದೂಕಿಗಿಂತ ಅದೇ ಹೆಚ್ಚು ಹೆದರಿಕೆಯಾಯಿತು.

ಧೀರಜ್ ಎರಡೂ ಕೈ ಮೇಲೆತ್ತಿಕೊಂಡು ಓಡಿಬಂದ. "ಅತ್ತೆ, ಅಲ್ಲಾಡ್ಬೇಡಿ, ಪ್ಲೀಸ್, ಅಲ್ಲಾಡ್ಬೇಡಿ" ಎನ್ನುತ್ತಿದ್ದ. ಮುದುಕ ಪೊಲೀಸರನ್ನು ಕರೆಸುತ್ತೇನೆ ಎಂದ. ಧೀರಜ್‌ನ ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ, ಪೊಲೀಸು ಎಂಬ ಮಾತಿಗೇ ಅವನ ಮುಖದಲ್ಲಿ ರಕ್ತವಿರಲಿಲ್ಲ. ಅವನ ಹಿಂದೆ ಒದ್ದೆ ಹುಲ್ಲಿನಲ್ಲಿ ಹೊಟ್ಟೆ ಹಿಡಿದುಕೊಂಡು ಹರಿಣಿ. ಜಾರಿದರೆ ಗತಿಯೇನು ಎಂದು ನನ್ನ ಜೀವ ಬಾಯಿಗೆ ಬಂತು. ಬಂದವಳೇ ಬಂದೂಕಿಗೂ ನನಗೂ ನಡುವೆ ನಿಂತಳು. ಕ್ಷಮೆ ಕೇಳುವ ವಾಕ್ಯ ಇಂಗ್ಲಿಷಿನಲ್ಲಿ ನನ್ನ ನಾಲಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೆ. ಅವಳು ನನ್ನ ಮಣಿಕಟ್ಟು ಬಲವಾಗಿ ಹಿಡಿದು "ಅಮ್ಮಾ, ನೀನು ಮಾತಾಡ್ಬೇಡ" ಎಂದಳು. ಆಮೇಲೆ ಅವನಿಗೆ ಏನೋ ಎರಡು ಮಾತು ಹೇಳಿದಳು. ಮುದುಕ ನನ್ನನ್ನೇ ನೋಡಿದ. ಬಂದೂಕು ಇಳಿಸಿದ.

ಇಳಿಸಿದ್ದಷ್ಟೇ ಅಲ್ಲ, ಬಗ್ಗಿ ಬಿದ್ದ ಹೂವೆಲ್ಲ ಆಯ್ದು ನನ್ನ ಕೈಗೇ ಕೊಟ್ಟ. ಮಧ್ಯಾಹ್ನ ನಾವಿದ್ದಲ್ಲಿಗೆ ಬಂದು ಒಂದು ಬಕೆಟ್ ತುಂಬ ದಾಸವಾಳ, ಒಂದು ಚೀಲ ಟೊಮೆಟೊ ಇಟ್ಟ. ನನ್ನ ಕೈ ತಟ್ಟಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ, ಹೇಗಿದ್ದೀರಿ ಎಂದು ಕೇಳಿದ. ನಾನು ಹರಿಣಿಯ ಮುಖ ನೋಡಿದೆ. ಸುಮ್ಮನೆ ನಕ್ಕೆ. ಭಾನುವಾರ ಹೊರಡುವಾಗಲೂ ಬಂದ, ಆಗಲೂ ಅಷ್ಟೆ.

ನಡುವೆ ಸೇಬಿನ ತೋಟಕ್ಕೆ ಹೋದೆವು, ಸೂರು ಹೊದಿಸಿದ ಹಳೆಯ ಮರದ ಸೇತುವೆ ನೋಡಿದೆವು. ಧೀರಜ್ ಪಾಪ, "ಅತ್ತೆ, ಇಲ್ಲಿ ನಿಂತ್ಕೊಳಿ, ಒಂದು ಫೋಟೋ ತೆಗಿತೀನಿ" ಎಂದು ಒದ್ದಾಡುತ್ತಿದ್ದ. ಅಮ್ಮ, ಮಗಳು ಇಬ್ಬರೂ ಎತ್ತಲೋ ನೋಡುತ್ತ ನಿಂತ ಫೋಟೋ ಬಂದಿರುತ್ತದೆ. ಆ ಹೂವನ್ನು ದೇವರಿಗೆ ಏರಿಸಲು ಮನಸ್ಸಾಗಲಿಲ್ಲ. ನನ್ನ ವೆಂಕಟರಮಣನಿಗೆ ಆ ಶನಿವಾರ ಬರೀ ತುಳಸಿಪುಡಿ.

ನಿನ್ನ ಮೊಮ್ಮಗಳು ಒಂದನೇ ಕ್ಲಾಸಿಗೆ ಸೇರಿದಳಂತೆ, ನೂರು ಕಾಲ ಬಾಳಲಿ ಕೂಸು. ಅವಳಿಗೆ ಗಲ್ಲ ಹಿಂಡಿ ನನ್ನ ಆಶೀರ್ವಾದ ಹೇಳು. ನಿನ್ನ ಬಿ.ಪಿ. ಮಾತ್ರೆ ಮರೆಯಬೇಡ. ಬೆಳಗ್ಗೆ ಒಬ್ಬಳೇ ಹೂವಿಗೆ ಹೋಗುವಾಗ ನಾಯಿ ನೋಡಿಕೊಂಡು ಹೋಗು.

ನಿನ್ನ
ಕಾತ್ಯಾಯಿನಿ

ಮರೆತ ಮಾತು: ಮರೆತದ್ದಲ್ಲ ಗೌರಾ, ಬರೆಯಲು ಕೈ ಬರಲಿಲ್ಲ. ಹರಿಣಿ ಆ ಮುದುಕನಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇದು: "ನಮ್ಮ ತಾಯಿಗೆ ಬುದ್ಧಿ ಸ್ತಿಮಿತದಲ್ಲಿಲ್ಲ. ತಾನು ಏನು ಮಾಡುತ್ತಿದ್ದೇನೆ ಅಂತ ಅವರಿಗೆ ತಿಳಿಯುವುದಿಲ್ಲ. ಇಂಗ್ಲಿಷ್ ಒಂದಕ್ಷರ ಅರ್ಥವಾಗುವುದಿಲ್ಲ." ಮುದುಕನ ಹೆಂಡತಿಯೂ ಕೊನೆಕೊನೆಗೆ ಹಾಗೆಯೇ ಆಗಿದ್ದಳಂತೆ, ಅದಕ್ಕೇ ಅವನಿಗೆ ಅಷ್ಟು ಕರುಣೆ. ಮಗಳು ಹೆದರಿ ಹೇಳಿದಳು, ನಮ್ಮೆಲ್ಲರನ್ನೂ ಉಳಿಸಲು ಹೇಳಿದಳು, ಗೊತ್ತು. ತಪ್ಪು ನನ್ನದೇ, ಅದೂ ಗೊತ್ತು. ಆದರೆ ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಅವಳಿಗೆ ಎ ಬಿ ಸಿ ತಿದ್ದಿಸಿದವಳು. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತಿಳಿದೇ ಹೇಳಿದಳಲ್ಲ, ಆಮೇಲೆ ಎರಡು ದಿನವೂ ನನ್ನನ್ನು ಹುಚ್ಚಿಯಾಗಿಯೇ ಇರಿಸಿದಳಲ್ಲ, ಅದು ಇಳಿಯುತ್ತಿಲ್ಲ ಕಣೆ. ಇವತ್ತಿನವರೆಗೆ ಅವಳು ಅದರ ಸುದ್ದಿಯನ್ನೇ ಎತ್ತಿಲ್ಲ.

ಈಗ, ಇದನ್ನು ಬರೆಯುತ್ತಿರುವಾಗಲೇ ಬಂದಳು. ಬಾಟಲಿ ಎತ್ತಿ ಫಾರಂ ನನ್ನ ಮುಂದೆ ಸರಿಸಿ, "ಸೈನ್ ಮಾಡೋಕ್ ಮುಂಚೆ ನೀನೇ ಒಂದ್ಸಲ ಓದ್ಬಿಡಮ್ಮಾ, ನಿಂಗೆ ಇಂಗ್ಲಿಷ್..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು. ತೊಳೆಯಲು ಒಂದು ಲೋಟವೂ ಇರಲಿಲ್ಲ.

ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಎಲ್ಲಿಯವರೆಗೆ ಇರುತ್ತೀರಿ ಎಂದು ಒಂದು ಕಡೆ ಕೇಳಿದ್ದಾರೆ. ಮೇ ತಿಂಗಳು ಬರೆಯಬೇಕಿತ್ತು. ಬಾಣಂತನಕ್ಕೆ ಎಷ್ಟು ದಿನ ಬೇಕೋ ಅಷ್ಟು ಎಣಿಸಿ ಜನವರಿ ಹತ್ತು ಎಂದು ಬರೆದು ಸಹಿ ಹಾಕಿದೆ. ಸಂಕ್ರಾಂತಿಗೆ ಅಲ್ಲಿರುತ್ತೇನೆ. ಹರಿಣಿ ಕೈ ಒರೆಸಿಕೊಂಡು ಬಂದು ಫಾರಂ ತೆಗೆದುಕೊಂಡಳು. ತಾರೀಕು ನೋಡಿದಳು. ಹಾಗೆಯೇ ಮಡಿಸಿ ಲಕೋಟೆಗೆ ಹಾಕಿದಳು.