ಹನ್ನೆರಡಾಣೆಯ ಬೆಳೆ

ನಾಗನೂರ, ೧೬ನೇ ಮಾರ್ಚ್ ೧೯೩೪

ಮಾಮಲೇದಾರ ಸಾಹೇಬರಿಗೆ ಮುರಿಗೆಪ್ಪನ ನಮಸ್ಕಾರಗಳು.

ಸರಕಾರದ ಬೂಟಿಗೆ ಕೆಸರು ತಾಗದಂತೆ ನೋಡಿಕೊಂಡ ಅಪರಾಧವನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಆಣೆಕಲ್ಲು ಮಳೆಗೆ ನಮ್ಮೂರ ಜೋಳ ನೆಲಕಚ್ಚಿದ ಮೇಲೆ, ಪೂರ್ತಿ ಬೆಳೆಗೆ ಹದಿನಾರಾಣೆಯೆಂದು ಹಿಡಿದು, ಎಷ್ಟಾಣೆ ಬೆಳೆ ಉಳಿದಿದೆಯೆಂದು ನೋಡಲು ತಮ್ಮ ಅಧಿಕಾರಿಯೊಬ್ಬರು ಬಂದಿದ್ದರು. ಆರಾಣೆಗಿಂತ ಕಡಿಮೆಯಿದ್ದರೆ ಮಾತ್ರ ಬಿತ್ತನೆಗೆ ಸರಕಾರದ ನೆರವು. ಅವರು ಧಾರವಾಡದ ಕಾಲೇಜಿನಲ್ಲಿ ನನ್ನ ಹಿಂದಿನ ಬೆಂಚಿನವರು. ಈಗ ಅವರು ಕುದುರೆಯ ಮೇಲೆ, ನಾನು ಬರಿಗಾಲಲ್ಲಿ. ದಾರಿಯ ಪಕ್ಕದಲ್ಲಿ ಕಲ್ಲಿಗೆ ಸಿಗದೆ ಉಳಿದಿದ್ದ ಒಂದೇ ಹೊಲವನ್ನು ತೋರಿಸಿ, "ಕೆಸರಾಗ ಇಳಿಬ್ಯಾಡ್ರಿ ಸಾಹೇಬ್ರ, ಇದು ನನ್ನ ಹೊಲ. ಓದಿದವನ ಒಕ್ಕಲತನ ನೋಡ್ರಿ!" ಎಂದೆ. ಅವರು ಮೆಚ್ಚಿ, ಇಡೀ ಊರಿಗೆ ಹನ್ನೆರಡಾಣೆ ಬರೆದು ಹೋದರು. ಆಣೆಕಲ್ಲಿನಿಂದ ಇಷ್ಟು ಆಣೆ ಉದುರಿದ್ದು ಇದೇ ಮೊದಲು.

ನಿನ್ನೆ ಊರ ಕಟ್ಟೆಯ ಮುಂದೆ, ಬೆಳೆ ಕಳೆದುಕೊಂಡ ಕಾಶೆವ್ವ ನನ್ನನ್ನು ತಡೆದು ನಿಲ್ಲಿಸಿದಳು. "ತಮ್ಮಾ, ಬೆಳೀನ ಆಣಿಕಲ್ಲ ತಿಂತು, ಬೀಜಾನ ನಿನ್ನ ನಾಲಿಗಿ ತಿಂತು. ಮುಂಗಾರಿಗೆ ಏನ್ ಬಿತ್ತಲಿ, ನಿನ್ನ ಇಂಗ್ರೇಜಿ ಬಿತ್ತಲೇನು?" ನಾನು ನಕ್ಕೆ. ಕಟ್ಟೆಯ ಮೇಲಿದ್ದವರು ಯಾರೂ ನಗಲಿಲ್ಲ.

ಸೋಮವಾರ ಈ ಆಣೆಗಳ ಪಟ್ಟಿ ಬೆಳಗಾವಿಗೆ ಹೋಗುತ್ತದಂತೆ. ಅಷ್ಟರೊಳಗೆ ತಾವೇ ಬಂದು ದಾರಿಯಿಂದ ಒಳಗಿನ ಹೊಲಗಳನ್ನು ನೋಡಬೇಕು. ಶಿಕ್ಷೆ ಏನಿದ್ದರೂ ನನಗೊಬ್ಬನಿಗೇ ಇರಲಿ.

ನೆರವಿನ ಪಟ್ಟಿಯಲ್ಲಿ ನನ್ನ ಹೆಸರು ಬೇಡ. ನಾನು ತೋರಿಸಿದ ಹೊಲ ಹೊಳೆಪ್ಪನದು, ಅವನು ಶಾಲೆಯ ಮುಖ ಕಂಡವನಲ್ಲ. ನನ್ನ ಹೊಲ ಅದರ ಬದುವಿನಾಚೆಗಿದೆ. ಅಲ್ಲಿ ಆಣೆಕಲ್ಲಿಗೆ ಕೆಡಿಸಲು ಏನೂ ಇರಲಿಲ್ಲ. ಪುಸ್ತಕ ನೋಡಿ ಬಿತ್ತಿದ ನನ್ನ ಜೋಳ ಮೊಳಕೆಯನ್ನೇ ಒಡೆದಿರಲಿಲ್ಲ.

ತಮ್ಮ ದಾರಿ ಕಾಯುತ್ತಿರುವ,
ಮುರಿಗೆಪ್ಪ, ಬಿ.ಎ.