ಅಮ್ಮನಿಗೆ ಹೊದಿಸಿದ ಶಾಲು

ತಂಪುಕೇರಿ, ಕೋಲಾರದ ಹಳೆಯ ಚಿನ್ನದ ಗಣಿ
ಫೆಬ್ರವರಿ ಮೂವತ್ತೊಂಬತ್ತು, ೨೨೪೧

ಬಿಸಿಲಿನಲ್ಲಿ ಓಡಾಡಿಕೊಂಡು ಬಾಳಿದ ಹಿರಿಯರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಮಾರ್ಚ್ ತಿಂಗಳನ್ನು ನಾವು ಕೈಬಿಟ್ಟು ಬಹಳ ಕಾಲವಾಯಿತು. ನನ್ನ ಕನ್ನಡದಲ್ಲೂ ಅಲ್ಲಲ್ಲಿ ಕಲ್ಲು ಸಿಕ್ಕೀತು, ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಚಿನ್ನ ತೆಗೆದು ಬಿಟ್ಟುಹೋದ ಸುರಂಗಗಳಲ್ಲಿ ಈಗ ನಾವು ಸಂಸಾರ ಹೂಡಿದ್ದೇವೆ. ಮೇಲೆ ಹಗಲು ಹೊತ್ತು ನಿಲ್ಲಲಾಗುವುದಿಲ್ಲ. ಮುದ್ದೆ ಈಗಲೂ ಇದೆ, ಇಡೀ ಕೇರಿಗೆ ಒಂದೇ ಒಲೆಯಲ್ಲಿ ಬೇಯುತ್ತದೆ. ಹಪ್ಪಳ ಒಣಗಿಸಲು ಮಾತ್ರ ಯಾರಾದರೂ ಮೇಲೆ ಹೋಗಬೇಕು, ಹೋದವರು ಹಪ್ಪಳಕ್ಕಿಂತ ಮೊದಲು ಒಣಗುತ್ತಾರೆ. ಇಲ್ಲಿ ಎಲ್ಲಕ್ಕಿಂತ ದೊಡ್ಡ ಹುದ್ದೆ ಉಸಿರುಗಾವಲಿನದು. ಸುರಂಗದ ಗಾಳಿ ಕೆಟ್ಟಿತೆಂದು ತಿಳಿದ ಕೂಡಲೇ ಜನರನ್ನು ಎಬ್ಬಿಸಿ ಹೊರಡಿಸುವವರು ಅವರು. ಅದನ್ನು ಗಾಳಿ ಮಂಡಳಿಯವರು ನಮಗೆ ಕೊಡುವುದಿಲ್ಲ. ಮೇಲಿನಿಂದ ತಡವಾಗಿ ಇಳಿದು ಬಂದ ನಮ್ಮನ್ನು ಬಿಸಿಲುಮಂದಿ ಎನ್ನುತ್ತಾರೆ. ನಮ್ಮ ಮೂಗು ಸುಟ್ಟಿದೆಯಂತೆ, ಗಾಳಿ ತಿಳಿಯುವುದಿಲ್ಲವಂತೆ. ನಮ್ಮ ಮಕ್ಕಳು ಕೆಳಗೇ ಹುಟ್ಟಿದರೂ ಬಿಸಿಲುಮಂದಿಯೇ. ಇಂಥದ್ದು ನಿಮಗೆ ಹೊಸದಲ್ಲ ಎಂದು ಕೇಳಿದ್ದೇನೆ.

ನನ್ನ ಅಮ್ಮ ಸೊಣ್ಣಮ್ಮ ಗಾಳಿಕೊಳವೆ ಗುಡಿಸುವ ಕೆಲಸದವಳು. ಉಸಿರುಗಾವಲಿನ ಪರೀಕ್ಷೆಗೆ ಕೂತು ಪಾಸಾದಳು. ಹುದ್ದೆ ಸಿಗಲಿಲ್ಲ. ಮಂಡಳಿಯ ಮೇಲೆ ದಾವೆ ಹೂಡಿದಳು. ಬಿಸಿಲುಮಂದಿಯನ್ನು ಹೊರಗಿಡುವುದು ತಪ್ಪಲ್ಲ ಎಂದು ಕೆಳಗಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಆದರೆ ಮೇಲ್ಮನವಿಗೆ ಅವಕಾಶವಿತ್ತು, ಅಲ್ಲಿ ಗೆದ್ದೇ ಗೆಲ್ಲುತ್ತೇವೆ ಎಂದು ವಕೀಲ ನಯಾಜ್ ಅವರು ನಂಬಿದ್ದರು. ಮಂಡಳಿಯವರು ಏನು ತಂದರೂ ಸಹಿ ಹಾಕಬೇಡಿ ಎಂದು ಅಮ್ಮನಿಗೆ ಹೇಳಿದ್ದರು.

ಮಂಡಳಿಯವರು ತಂದದ್ದು ಶಾಲು. ನಮ್ಮ ಕಾನೂನಿನಲ್ಲಿ ಶಾಂತಿಮರ್ಯಾದೆ ಎಂಬ ಹಳೆಯ ನಿಯಮವೊಂದಿದೆ: ಗೆದ್ದವರು ಹೊದಿಸಿದ ಶಾಲನ್ನು ಸೋತವರು ಹೊದ್ದರೆ ತೀರ್ಪು ಒಪ್ಪಿದಂತೆ, ಮೇಲ್ಮನವಿಯ ಹಕ್ಕು ಅಲ್ಲಿಗೆ ಮುಗಿಯಿತು. ಬಳಕೆ ತಪ್ಪಿದ ಆ ನಿಯಮ ವಕೀಲರಿಗೂ ಹೊಳೆದಿರಲಿಲ್ಲ. ಅಧ್ಯಕ್ಷರೇ ನಗುನಗುತ್ತಾ ಬಂದು, "ಇಷ್ಟು ವರ್ಷ ದುಡಿದಿದ್ದೀರಿ ತಾಯಿ" ಎಂದರು. ಕೇರಿಯೆಲ್ಲ ಬಾಗಿಲಲ್ಲಿ ನೆರೆದಿತ್ತು. ಜೀವಮಾನದಲ್ಲಿ ಮಂಡಳಿಯ ಒಬ್ಬರೂ ಅಮ್ಮನಿಗೆ ಕೂತುಕೊಳ್ಳಿ ಎಂದವರಲ್ಲ. ಅವಳು ತಲೆ ಬಗ್ಗಿಸಿದಳು, ಅವರು ಶಾಲು ಹೊದಿಸಿದರು. ಆಮೇಲೆ ಒಳಗೆ ಹೋಗಿ ಅವರಿಗೆಲ್ಲ ಮಜ್ಜಿಗೆ ತಂದುಕೊಟ್ಟಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಅವಳ ಹಕ್ಕನ್ನು ತೆಗೆದುಕೊಂಡು, ಮಜ್ಜಿಗೆಯನ್ನೂ ಕುಡಿದು ಹೋದರು.

ಮೇಲಿನ ನ್ಯಾಯಾಲಯ ಮನವಿಯನ್ನು ಓದಲೂ ಇಲ್ಲ. ನಯಾಜ್ ಅವರು ತಲೆ ಮೇಲೆ ಕೈಹೊತ್ತು ಕೂತರು. "ಮನೆಗೆ ಬಂದೋರ್ನ ಹೆಂಗಪ್ಪಾ ಬ್ಯಾಡ ಅನ್ನೋದು? ಮರ್ವಾದೆ ಬೇರೆ, ನ್ಯಾಯ ಬೇರೆ ಅಲ್ವಾ?" ಎಂದು ಅಮ್ಮ ಕೇಳಿದಳು. ಅವರು ಕಡತ ಕಟ್ಟಿಟ್ಟರು. ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಹಿರಿಯರೇ, ನಿಮ್ಮ ಕಾಲದಲ್ಲಿ ಕೆಮ್ಮಿದರೂ ಸನ್ಮಾನವಿತ್ತಂತೆ. ಸಂತೋಷ, ಶಾಲು ಹೊದ್ದುಕೊಳ್ಳಿ. ಆದರೆ ನ್ಯಾಯ ಕೇಳಿದವರ ಮನೆಗೆ ಮರ್ಯಾದೆ ತಾನಾಗಿ ಬಂದರೆ ಹೊಸ್ತಿಲಾಚೆಯೇ ನಿಲ್ಲಿಸುವುದನ್ನು ಮಕ್ಕಳಿಗೆ ಕಲಿಸಿ. ಅವರು ಅವರ ಮಕ್ಕಳಿಗೆ ಕಲಿಸಿದರೆ ಎಂದಾದರೂ ನಮ್ಮವರೆಗೆ ಬಂದೀತು.

ಇದನ್ನು ಈಗ ಬರೆಯಲು ಕಾರಣವಿದೆ. ಇಲ್ಲಿ ಮೇಲ್ಮನವಿಯಾಗದ ತೀರ್ಪು ಕಾನೂನಾಗುತ್ತದೆ, ಅದಕ್ಕೆ ದಾವೆ ಹೂಡಿದವರ ಹೆಸರೇ ಉಳಿಯುತ್ತದೆ. ಮೊನ್ನೆ ನನ್ನ ಮಗಳು ಹೊನ್ನಿ ಅದೇ ಹುದ್ದೆ ಕೇಳಲು ಹೋದಳು. ನಾನೂ ಅಮ್ಮನೂ ಜೊತೆಗಿದ್ದೆವು. ಗುಮಾಸ್ತ ತಲೆಯೆತ್ತದೆ, "ಬಿಸಿಲುಮಂದೀನಾ? ಸೊಣ್ಣಮ್ಮ ಕಾನೂನು ಅಡ್ಡ ಬರ್ತದಮ್ಮ, ಆಗಲ್ಲ" ಎಂದ. ಸೊಣ್ಣಮ್ಮ ಅವನ ಎದುರಿಗೇ ನಿಂತಿದ್ದಳು.

 ಮನೆಯ ಬಾಗಿಲ ಬಳಿ ಅಮ್ಮ ನನ್ನ ಕೈ ಹಿಡಿದು ಕೇಳಿದಳು: "ನಾನು ಹೆಸರು ಬದ್ಲಾಯಿಸ್ಕೊಂಡ್ರೆ ಮಗೂಗೆ ಕೆಲಸ ಸಿಕ್ತದೇನೇ?"

ಇಂತಿ,
ಸೊಣ್ಣಮ್ಮನ ಮಗಳು ಗೌರಕ್ಕ