ವರಾಂಡದ ಬೆಂಚು ಎತ್ತಿಸಿದವರಿಗೆ

ಮಾನ್ಯ ವೈದ್ಯಾಧಿಕಾರಿಗಳೇ,

ಹೈದರಾಬಾದಿನ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದ ವರಾಂಡದಲ್ಲಿದ್ದ ಮರದ ಬೆಂಚನ್ನು ತಾವು ಹೋದ ತಿಂಗಳು ಎತ್ತಿಸಿ ಉಗ್ರಾಣಕ್ಕೆ ಹಾಕಿಸಿದ್ದೀರಿ. ಅದನ್ನು ವಾಪಸ್ ಕೊಡಿ ಎಂದು ಕೇಳಲು ಈ ಪತ್ರ. ತೆಲುಗಿನಲ್ಲಿ ಎರಡು ಅರ್ಜಿ ಕೊಟ್ಟೆ, ಎರಡಕ್ಕೂ ಉತ್ತರವಿಲ್ಲ. ಹೇಗೂ ಓದುವುದಿಲ್ಲವೆಂದ ಮೇಲೆ ನನ್ನ ಭಾಷೆಯಲ್ಲೇ ಬರೆದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಟ್ಟರೆ ಬರೆದವಳಿಗಾದರೂ ಖುಷಿ ಎನ್ನಿಸಿತು. ನಾಲ್ಕು ಜನ ಓದಿದರೆ ಒಬ್ಬರಾದರೂ ತಮ್ಮ ಕಿವಿಗೆ ಮುಟ್ಟಿಸುತ್ತಾರೆ.

ಬೆಂಚಿದ್ದ ಜಾಗದಲ್ಲಿ ತಾವು ಅಂಟಿಸಿದ ಸೂಚನೆಯನ್ನು ಓದಿದೆ. ಬುಧವಾರ ಮಕ್ಕಳಿಗೆ ಲಸಿಕೆ ಹಾಕಿಸಿದ ಮೇಲೂ ಹೆಂಗಸರು ಕೆಲಸವಿಲ್ಲದೆ ಕುಳಿತು ನಗುತ್ತಾರೆ, ಇದರಿಂದ ಕೇಂದ್ರದ ಶಿಸ್ತು ಕೆಡುತ್ತದೆ, ಎಂದಿದೆ. ಕುಳಿತದ್ದು ನಿಜ, ನಕ್ಕದ್ದೂ ನಿಜ. ಕೆಲಸವಿಲ್ಲದೆ ಎಂಬುದು ಮಾತ್ರ ಶುದ್ಧ ಸುಳ್ಳು. ನಾವು ಅಲ್ಲಿ ವ್ಯಾಯಾಮ ಮಾಡುತ್ತಿದ್ದೆವು ಸ್ವಾಮಿ. ತಮಗೆ ಕಾಣಲಿಲ್ಲವೆಂದು ಬೇಸರ ಬೇಡ. ಆ ವ್ಯಾಯಾಮ ಪಕ್ಕದಲ್ಲೇ ಕುಳಿತವರಿಗೂ ಗೊತ್ತಾಗುವುದಿಲ್ಲ.

ಬಿಡಿಸಿ ಹೇಳುತ್ತೇನೆ. ಎರಡನೆಯ ಹೆರಿಗೆಯಾಗಿ ಒಂದೂವರೆ ತಿಂಗಳಿಗೆ ನಾನು ಅಬಿಡ್ಸ್‌ನ ಪುಸ್ತಕದಂಗಡಿಯ ಕೆಲಸಕ್ಕೆ ಮರಳಿದೆ. ಶಾಲೆ ಶುರುವಾಗುವ ಕಾಲ, ಪಠ್ಯಪುಸ್ತಕದ ಬಂಡಲುಗಳನ್ನು ಎತ್ತಿದ್ದೇ ಎತ್ತಿದ್ದು. ಒಂದು ಸಂಜೆ ಸ್ನಾನ ಮಾಡುವಾಗ ಕೆಳಗೆ ಕೈಗೆ ಏನೋ ಮೆತ್ತಗೆ ತಗುಲಿತು. ಗರ್ಭಕೋಶ ಜಾರಿ ಬಾಗಿಲ ತನಕ ಬಂದಿತ್ತು. ಅದು ಆಗ ನನಗೆ ಗೊತ್ತಿಲ್ಲ. ಕರುಳೇ ಹೊರಬಂತು, ಇನ್ನು ನಾನು ಉಳಿಯುವುದಿಲ್ಲ ಎಂದು ಬಚ್ಚಲಲ್ಲೇ ಕುಳಿತು ಅತ್ತೆ. ಕೆಮ್ಮಿದರೆ ಸೀರೆ ಒದ್ದೆ, ನಕ್ಕರೆ ಸೀರೆ ಒದ್ದೆ. ಹಾಗಾಗಿ ನಗುವುದನ್ನೇ ಬಿಟ್ಟೆ. ನಾಚಿಕೆಗೆ ಗಂಡನಿಗೂ ಹೇಳಲಿಲ್ಲ. ಅವನು, ಮಲ್ಲು, "ನಾ ಏನ ತಪ್ಪ ಮಾಡೀನಿ, ಅದನ್ನರ ಹೇಳು" ಎಂದು ವಾರಗಟ್ಟಲೆ ಬೆನ್ನು ಹತ್ತಿದ. ಪಾಪ, ಮಾಡದ ತಪ್ಪಿಗೆ ಎರಡು ಸಲ ಕ್ಷಮೆಯನ್ನೂ ಕೇಳಿದ.

ಮಗುವನ್ನೆತ್ತಿಕೊಂಡು ತಮ್ಮ ಕೇಂದ್ರಕ್ಕೆ ಬಂದಾಗ ಅದರ ತೂಕ ಕೇಳಿದಿರಿ, ನಿದ್ದೆ ಕೇಳಿದಿರಿ, ಮಲದ ಬಣ್ಣವನ್ನೂ ಕೇಳಿದಿರಿ. ಹೆತ್ತವಳು ಎದುರಿಗೇ ಇದ್ದಳಲ್ಲ, ಅವಳನ್ನೂ ಒಂದು ಮಾತು ಕೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಕೇಳಿದ್ದು ತಮ್ಮ ನರ್ಸ್ ನಿಖಿತಾ, ಉಡುಪಿ ಕಡೆಯ ಹುಡುಗಿ. ಬೆಂಚಿನ ತುದಿಯಲ್ಲಿ ಮುದುಡಿ ಕುಳಿತಿದ್ದ ನನ್ನನ್ನು ನೋಡಿಯೇ ಕಂಡುಹಿಡಿದಳು. "ಹೆದರ್ಲಿಕ್ಕೆ ಎಂತ ಇಲ್ಲ ಅಕ್ಕ. ತುಂಬ ಜನಕ್ಕೆ ಆಗ್ತದೆ. ಮೂತ್ರ ತಡೆದು ಹಿಡಿಯುವ ಹಾಗೆ ಒಳಗೆ ಮೇಲಕ್ಕೆ ಎಳ್ಕೊಳ್ಳಿ, ಐದು ಎಣಿಸಿ, ಬಿಡಿ. ಉಸಿರು ಮಾತ್ರ ಕಟ್ಬೇಡಿ" ಎಂದಳು. ದೊಡ್ಡಾಸ್ಪತ್ರೆಯ ಹೆಂಗಸರ ಡಾಕ್ಟರಿಗೂ ತೋರಿಸಿದಳು. ಭಾರ ಎತ್ತಬೇಡಿ, ವ್ಯಾಯಾಮ ಬಿಡಬೇಡಿ, ಆರು ತಿಂಗಳು ನೋಡೋಣ ಎಂದರು ಅವರು.

ಅಂದಿನಿಂದ ಆ ಬೆಂಚು ನಮ್ಮ ಗರಡಿಮನೆಯಾಯಿತು. ಸೂಜಿ ಚುಚ್ಚಿದ ಮೇಲೆ ಮಕ್ಕಳನ್ನು ಅರ್ಧ ಗಂಟೆ ಅಲ್ಲೇ ಇರಿಸಿಕೊಳ್ಳಬೇಕೆಂಬುದು ತಮ್ಮದೇ ನಿಯಮ. ಆ ಅರ್ಧ ಗಂಟೆ ಐದಾರು ಜನ ಸಾಲಾಗಿ ಕುಳಿತು ಎಳೆದುಕೊಂಡೆವು, ಬಿಟ್ಟೆವು. ಲಸಿಕೆ ಇಲ್ಲದ ವಾರವೂ ಬಂದೆವು. ಕೊನೆಗೆ ನಿಖಿತಾ ಒಂದು ಜೋಕು ಹೇಳುತ್ತಿದ್ದಳು. ನಕ್ಕರೂ ಸೀರೆ ಒದ್ದೆಯಾಗದಿದ್ದರೆ ಪಾಸು. ತಾವು ಅಶಿಸ್ತು ಎಂದು ಬರೆಸಿದ್ದು ನಮ್ಮ ಪರೀಕ್ಷೆಯನ್ನು.

ನಾನು ನಾಲ್ಕನೆಯ ತಿಂಗಳು ಪಾಸಾದೆ. ಅಂದೇ ಮಲ್ಲುವಿಗೆ ಎಲ್ಲ ಹೇಳಿದೆ. "ಇಷ್ಟ ಏನು? ನೀ ತವರಿಗೆ ಹೊಂಟೀ ಅಂತ ತಿಳ್ಕೊಂಡಿದ್ದೆ" ಎಂದು ಅವನು ನೆಲಕ್ಕೆ ಕುಸಿದು ಕುಳಿತ. ಈಗ ನೀರಿನ ಕ್ಯಾನು ಮುಟ್ಟಲು ನನ್ನನ್ನು ಬಿಡುವುದಿಲ್ಲ. ಪೂರ್ತಿ ಮೊದಲಿನ ಹಾಗೆ ಆಗಿಲ್ಲ, ಬಹುಶಃ ಆಗುವುದೂ ಇಲ್ಲ. ದಿನವೆಲ್ಲ ನಿಂತರೆ ಸಂಜೆಗೆ ಕೆಳಗೆ ಭಾರವೆನಿಸುತ್ತದೆ, ಸ್ವಲ್ಪ ಹೊತ್ತು ಮಲಗುತ್ತೇನೆ. ನನ್ನ ಮೈಯ ಮೇಲೆ ನನಗಿದ್ದ ಸಿಟ್ಟು ಮಾತ್ರ ಹೋಗಿದೆ. ಇಬ್ಬರನ್ನು ಹೊತ್ತ ಮೈ, ಒಂದಿಷ್ಟು ಜಗ್ಗಿದೆ, ಅಷ್ಟೆ.

ಈಗ ಬೆಂಚಿಲ್ಲ. ಹೊಸ ಬಾಣಂತಿಯರು ಸೂಜಿ ಮುಗಿದ ತಕ್ಷಣ ಹೊರಟುಬಿಡುತ್ತಾರೆ. ಅವರಲ್ಲಿ ಯಾರು ಬಚ್ಚಲಲ್ಲಿ ಕುಳಿತು ಅಳುತ್ತಿದ್ದಾರೋ ನಿಖಿತಾಗೆ ತಿಳಿಯುವ ದಾರಿಯಿಲ್ಲ.

ಇನ್ನೊಂದು ವಿಷಯ. ತಮ್ಮ ಆಜ್ಞೆಯಂತೆ ಆ ಬೆಂಚನ್ನು ಒಬ್ಬಳೇ ಎತ್ತಿ ಎಳೆದು ಉಗ್ರಾಣಕ್ಕೆ ಸಾಗಿಸಿದವಳು ಕೇಂದ್ರದ ಆಯಾ, ಅವಳೂ ಕನ್ನಡದವಳೇ. ಮರುದಿನ ಅವಳು ನನ್ನನ್ನು ಗೇಟಿನ ಬಳಿ ನಿಲ್ಲಿಸಿದಳು. "ಆ ಕೂತು ಮಾಡೋದು ನನಗೂ ಹೇಳಿಕೊಡ್ರಿ ಅಕ್ಕಾರ. ನಂದೂ ಜಾರೈತ್ರಿ. ಹನ್ನೆರಡು ವರ್ಸ ಆತು" ಎಂದಳು. ತಮ್ಮ ಕೋಣೆಯ ಬಾಗಿಲಿನಿಂದ ಅವಳ ಸ್ಟೂಲಿಗೆ ನಾಲ್ಕು ಹೆಜ್ಜೆ. ಇದನ್ನು ಪತ್ರದಲ್ಲಿ ಬರೆಯಲೇ ಎಂದು ಕೇಳಿದೆ. "ಬರೀರಿ, ಹೆಸರು ಹಾಕೇ ಬರೀರಿ. ಸಾಹೇಬ್ರಿಗೆ ನನ್ನ ಹೆಸರ ಗೊತ್ತಿಲ್ಲ" ಎಂದಳು. ಅವಳ ಹೆಸರು ಅನ್ನಮ್ಮ.

ನನ್ನ ಬೇಡಿಕೆ ಇಷ್ಟು. ಬರುವ ಬುಧವಾರದೊಳಗೆ ಬೆಂಚು ವರಾಂಡಕ್ಕೆ ಬರಬೇಕು. ಅನ್ನಮ್ಮ ಅದನ್ನು ಮುಟ್ಟಕೂಡದು. ಒಂದು ತುದಿಯನ್ನು ವಾಚ್‌ಮನ್ ಹಿಡಿಯಲಿ, ಇನ್ನೊಂದನ್ನು ತಾವು ಹಿಡಿಯಿರಿ. ಇಟ್ಟ ಮೇಲೆ ಅನ್ನಮ್ಮನನ್ನು ಹೆಸರು ಹಿಡಿದು ಕರೆದು, ಮೊದಲು ಅವಳನ್ನು ಕೂರಿಸಿ.

ಇಂತಿ,
ಸದ್ಯಕ್ಕೆ ನಿಂತುಕೊಂಡೇ ಇರುವ
ಶಿವಗಂಗಾ
ಹೈದರಾಬಾದ್